ಕೋಲಾರದ ಬೀದಿಯಲ್ಲಿ ಎಂ2: ಮಾರಬೇಕೆ, ಮೆತ್ತಗೆ ಮಾಡಿಸಬೇಕೆ?

ಪ್ರಶ್ನೆ: ನಾನು ಕೋಲಾರದವನು. ವೈಟ್‌ಫೀಲ್ಡ್‌ನಲ್ಲಿ ಕೆಲಸ, ವಾರಕ್ಕೆ ಮೂರು ದಿನ ಆಫೀಸು. ಯುಗಾದಿಗೆ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಎಂ2 ತಗೊಂಡೆ, 2023ರದ್ದು. ಕಾಲೇಜು ದಿನದಿಂದ ಆಸೆ ಇತ್ತು. ಈಗ ಮನೆಯಲ್ಲಿ ನೆಮ್ಮದಿ ಇಲ್ಲ. ಹಿಂದಿನ ಮಾಲೀಕರು ಹಾಕಿಸಿದ್ದ ಬೇರೆ ಸೈಲೆನ್ಸರ್ ಹಾಗೇ ಇದೆ. ಕಂಪನಿಯದ್ದನ್ನು ಬಿಚ್ಚಿಟ್ಟು ಕೊಟ್ಟಿದ್ದಾರೆ. ಬೆಳಗ್ಗೆ ಐದೂವರೆಗೆ ಸ್ಟಾರ್ಟ್ ಮಾಡಿದರೆ ಎದುರು ಮನೆಯ ಮಗು ಎದ್ದು ಅಳುತ್ತದೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಸೊಂಟನೋವು. ಒಮ್ಮೆ ಕೂತವರು ಮತ್ತೆ ಹತ್ತಿಲ್ಲ. ಹಂಪ್ ಸಿಕ್ಕಲ್ಲೆಲ್ಲ ತಳ ಉಜ್ಜುತ್ತದೆ, ನೆಲದಿಂದ ತಳಕ್ಕೆ 12 ಸೆಂ.ಮೀ. ಇದೆ, ನಾನೇ ಅಳೆದೆ. ಪರಿಚಯದ ಗ್ಯಾರೇಜಿನವರು ಮೆತ್ತನೆ ಸ್ಪ್ರಿಂಗಿನ ಕಾಯಿಲೋವರ್ (ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಕೂಡಿದ ಜೋಡಿ) ಹಾಕಿಸಿ ಎರಡು ಇಂಚು ಎತ್ತರಿಸೋಣ ಅನ್ನುತ್ತಾರೆ. ಹಾಗೆ ಮಾಡಿಸಲೇ, ಇಲ್ಲ ಮಾರಿಬಿಡಲೇ?

ಉತ್ತರ: ಎರಡೂ ಬೇಡ. ಆದರೆ ಈ ವಾರವೇ ಮಾಡಬೇಕಾದ ಕೆಲಸ ಒಂದಿದೆ: ಬಿಚ್ಚಿಟ್ಟ ಆ ಸೈಲೆನ್ಸರನ್ನು ವಾಪಸ್ ಹಾಕಿಸಿ. ಉಳಿದ ಮಾತು ಆಮೇಲೆ.

ಎದುರು ಮನೆಯ ಮಗುವಿಗಾಗಿ ಮಾತ್ರ ಹೇಳುತ್ತಿಲ್ಲ. ಕಂಪನಿಯ ಸೈಲೆನ್ಸರ್ ತೆಗೆದು ಜೋರು ಸದ್ದಿನದ್ದು ಹಾಕಿದ ಗಾಡಿ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ ಬರುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅಮಾನತು. ಗಾಡಿಯ ಮೂಲ ರಚನೆ ಬದಲಿಸಿದ್ದಕ್ಕೆ 182ಎ ಬೇರೆ ಇದೆ, ಒಂದೊಂದು ಬದಲಾವಣೆಗೆ ಐದು ಸಾವಿರದ ಲೆಕ್ಕ. ಹಿಂದಿನವರು ಹಾಕಿಸಿದ್ದು ಎಂದರೆ ಯಾರೂ ಕೇಳುವುದಿಲ್ಲ. ಆರ್‌ಸಿ ಯಾರ ಹೆಸರಲ್ಲಿದೆಯೋ ಅವರೇ ಹೊಣೆ. ಹಾಗೇ ಗಾಡಿಯನ್ನು ಲಿಫ್ಟ್ ಮೇಲೆ ಏರಿಸಿದಾಗ ಡೌನ್‌ಪೈಪ್ (ಇಂಜಿನ್ನಿನಿಂದ ಹೊಗೆ ಇಳಿಯುವ ಪೈಪು) ಕೂಡ ನೋಡಿಸಿ. ಸದ್ದಿಗಾಗಿ ಸೈಲೆನ್ಸರ್ ಬದಲಿಸಿದವರು ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಕಿತ್ತು ಬರೀ ಪೈಪು ಕೂರಿಸಿರುವುದುಂಟು. ಗಾಡಿ ಹಿಂದೆ ನಿಂತರೆ ಕಣ್ಣು ಉರಿಯುತ್ತದೆ, ಹಸಿ ಪೆಟ್ರೋಲ್ ವಾಸನೆ ಹೊಡೆಯುತ್ತದೆ ಅಂದರೆ ಅನುಮಾನ ಪಡಿ.

ಇನ್ನು ಬೆಳಗಿನ ಗರ್ಜನೆ. ಕಂಪನಿಯ ಸೈಲೆನ್ಸರ್ ಇದ್ದರೂ ಇದು ಪೂರ್ತಿ ಹೋಗುವುದಿಲ್ಲ. ತಣ್ಣಗಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುವುದಿಲ್ಲ, ಅದಕ್ಕೆ ಸುಮಾರು 300 ಡಿಗ್ರಿ ಶಾಖ ಬೇಕು. ಬೇಗ ಬಿಸಿಯಾಗಲಿ ಎಂದು ಇಂಜಿನ್ನಿನ ಕಂಪ್ಯೂಟರು ಕಿಡಿಯನ್ನು ಬೇಕೆಂದೇ ತಡ ಮಾಡುತ್ತದೆ, ಐಡಲ್ (ನಿಂತಲ್ಲೇ ಇಂಜಿನ್ ಸುತ್ತುವ ವೇಗ) ಏರಿಸುತ್ತದೆ. ಸಿಲಿಂಡರಿನೊಳಗೆ ಮುಗಿಯಬೇಕಾದ ಬೆಂಕಿಯ ಒಂದಷ್ಟು ಪಾಲು ಪೈಪಿಗೆ ಹೋಗುತ್ತದೆ. ನೀವು ಕೇಳುವ ಒರಟು ಸದ್ದು ಅದೇ, ಒಂದು ನಿಮಿಷದೊಳಗೆ ಇಳಿಯುತ್ತದೆ.

ನಮ್ಮಲ್ಲಿ ಗಾಡಿ ಸ್ಟಾರ್ಟ್ ಮಾಡಿ, ಗೇಟು ತೆಗೆದು, ದೇವರಿಗೆ ಕೈ ಮುಗಿದು, ಡಬ್ಬಿ ತರಲು ಒಳಗೆ ಹೋಗಿ ಬರುವವರೆಗೆ ಇಂಜಿನ್ ಬಿಸಿಯಾಗಲಿ ಎಂದು ಬಿಡುವ ಅಭ್ಯಾಸವಿದೆ. ಬೀದಿಯವರ ನಿದ್ದೆ ಹಾಳಾಗುವುದು ಆ ಐದು ನಿಮಿಷದಲ್ಲಿ. ಈಗಿನ ಇಂಜಿನ್ನಿಗೆ ಅದು ಬೇಕಿಲ್ಲ. ಗೇಟು ತೆಗೆದು, ಬೆಲ್ಟ್ ಹಾಕಿ, ಕನ್ನಡಿ ಸರಿ ಮಾಡಿಕೊಂಡು ಕೊನೆಯಲ್ಲಿ ಸ್ಟಾರ್ಟ್ ಒತ್ತಿ; ಅರ್ಧ ನಿಮಿಷದೊಳಗೆ ಹೊರಡಿ. ಆಯಿಲ್ ಬಿಸಿಯಾಗುವವರೆಗೆ 2,500–3,000 ಆರ್‌ಪಿಎಂ ದಾಟಿಸಬೇಡಿ. ಇಂಜಿನ್ನಿಗೂ ಇದೇ ಒಳ್ಳೆಯದು. ಗಾಡಿಯನ್ನು ಹಿಮ್ಮುಖವಾಗಿ ಒಳಗೆ ನಿಲ್ಲಿಸಿ, ಪೈಪುಗಳು ನಿಮ್ಮ ಮನೆ ಗೋಡೆಯ ಕಡೆ ಇರಲಿ. ಕೆಡುವುದಾದರೆ ಮೊದಲು ನಿಮ್ಮ ಮನೆಯವರ ನಿದ್ದೆಯೇ ಕೆಡಲಿ, ಅದು ನ್ಯಾಯ. ಶಬ್ದ ಮಾಲಿನ್ಯ ನಿಯಮ, 2000ರ ಪ್ರಕಾರ ರಾತ್ರಿ ಎಂದರೆ ಹತ್ತರಿಂದ ಬೆಳಗ್ಗೆ ಆರು. ವಸತಿ ಪ್ರದೇಶದಲ್ಲಿ ಆ ಹೊತ್ತಿನ ಮಿತಿ 45 ಡೆಸಿಬೆಲ್. ನಿಮ್ಮ ಐದೂವರೆ ರಾತ್ರಿಯ ಲೆಕ್ಕಕ್ಕೇ ಬರುತ್ತದೆ.

ಇಷ್ಟಾದರೂ ಓಣಿಯಲ್ಲಿ ಎರಡೂ ಬದಿಯ ಗೋಡೆಗೆ ಬಡಿದು ಸದ್ದು ದೊಡ್ಡದಾಗುತ್ತದೆ ಎನ್ನುವುದಾದರೆ, ಬಂಗಾರಪೇಟೆ ರಸ್ತೆಯ ಕಡೆಯೋ ಟೇಕಲ್ ರಸ್ತೆಯ ಕಡೆಯೋ ಬಾಗಿಲಿರುವ ಒಂದು ಶೆಡ್ಡು ಬಾಡಿಗೆಗೆ ಹಿಡಿಯಿರಿ. ಮನೆಯಿಂದ ಅಲ್ಲಿಗೆ ಸ್ಕೂಟರ್. ಕೋಟಿ ಹತ್ತಿರದ ಗಾಡಿಗೆ ಎರಡನೇ ಮನೆ ಅನ್ನುವುದು ಕೇಳಲು ವಿಚಿತ್ರ, ಆದರೆ ಈ ಥರದ ಕಾರಿಟ್ಟುಕೊಂಡು ಹಳೆ ಪೇಟೆಯಲ್ಲಿರುವವರಿಗೆ ಬೀದಿಯವರ ಜೊತೆ ಮಾತು ಉಳಿಯಲು ಇದಕ್ಕಿಂತ ಅಗ್ಗದ ದಾರಿ ಕಡಿಮೆ.

ಕ್ಯಾಬಿನ್ ಒಳಗೆ ಕೇಳುವ ಸದ್ದೇ ಬೇರೆ. ಅದರಲ್ಲಿ ಒಂದು ಪಾಲು ಸ್ಪೀಕರಿನಿಂದ ಬರುವ ಕೃತಕ ಸದ್ದು, ಮೆನುವಿನಲ್ಲಿ ತಗ್ಗಿಸಬಹುದು. ಇನ್ನೊಂದು ಪಾಲು ಅಗಲ ಟೈರು ಒರಟು ಡಾಂಬರಿನ ಮೇಲೆ ಉರುಳುವ ಮೊರೆತ. ಅದಕ್ಕೆ ಮದ್ದಿಲ್ಲ, ಟೈರು ಬದಲಿಸುವ ದಿನ ಕಡಿಮೆ ಸದ್ದಿನದ್ದು ಹುಡುಕಬೇಕು ಅಷ್ಟೆ.

ಈಗ ಗಡುಸಿನ ವಿಚಾರ. ಗ್ಯಾರೇಜಿನವರ ಸಲಹೆಯಲ್ಲಿ ತಪ್ಪೆಲ್ಲಿದೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ಕೇಳುವವರಿಗೆಲ್ಲ ಅದು ಸರಿ ಎಂದೇ ಅನಿಸುತ್ತದೆ.

ಕಾರು ಮೆತ್ತಗಿರಬೇಕಾದರೆ ಸ್ಪ್ರಿಂಗು ಮೆತ್ತಗಿದ್ದರೆ ಸಾಲದು, ಚಕ್ರ ಮೇಲೆ ಕೆಳಗೆ ಓಡಾಡಲು ಜಾಗ ಬೇಕು. ತಗ್ಗಾಗಿ ಕೂರುವ ಸ್ಪೋರ್ಟ್ಸ್ ಕಾರಿನಲ್ಲಿ ಆ ಜಾಗವೇ ಕಡಿಮೆ. ಜಾಗ ಕಡಿಮೆ ಇದ್ದಲ್ಲಿ ಮೆತ್ತನೆ ಸ್ಪ್ರಿಂಗ್ ಕೂರಿಸಿದರೆ ಒಂದು ಸಾಧಾರಣ ಗುಂಡಿಗೇ ಅದು ಕೊನೆಯವರೆಗೆ ಕುಸಿದು ಬಂಪ್ ಸ್ಟಾಪಿನ ರಬ್ಬರಿಗೆ ಗುದ್ದುತ್ತದೆ. ಬೆನ್ನಿಗೆ ತಟ್ಟುವುದು ಆ ಗುದ್ದು, ಸ್ಪ್ರಿಂಗಿನ ಗಡುಸಲ್ಲ. ಎರಡು ಇಂಚು ಎತ್ತರಿಸಿದರೆ ಮೇಲಿನ ಜಾಗ ಸಿಗುತ್ತದೆ ನಿಜ, ಆದರೆ ಕೆಳಕ್ಕೆ ಇಳಿಯುವ ಜಾಗ ಅಷ್ಟೇ ಕಡಿಮೆಯಾಗುತ್ತದೆ. ಚಕ್ರ ಗುಂಡಿಗೆ ಇಳಿಯುವಾಗ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಪೂರ್ತಿ ಚಾಚಿಕೊಂಡು ‘ಟಣ್’ ಎನ್ನುತ್ತದೆ. ಚಕ್ರ ಹಿಡಿದಿರುವ ತೋಳುಗಳ ಓರೆ ಬದಲಾಗಿ ಅಲೈನ್‌ಮೆಂಟ್ ಕೆಡುತ್ತದೆ, ತಿರುವಿನಲ್ಲಿ ಗಾಡಿ ವಾಲುತ್ತದೆ. ನಿಮ್ಮ ಎಂ2ನಲ್ಲಿ ಇರುವುದು ವಿದ್ಯುತ್ ನಿಯಂತ್ರಣದ ಡ್ಯಾಂಪರುಗಳು. ಅವನ್ನು ತೆಗೆದರೆ ಡ್ಯಾಶ್‌ಬೋರ್ಡ್ ತುಂಬ ಎಚ್ಚರಿಕೆ ದೀಪ, ಅದನ್ನು ಆರಿಸಲು ಇನ್ನೊಂದು ಪೆಟ್ಟಿಗೆ. ಅಷ್ಟು ದುಡ್ಡು ಸುರಿದು, ಬೇಕಾದ ಕಾರನ್ನು ಕಳೆದುಕೊಂಡು, ಮೆತ್ತನೆ ಕಾರೂ ಸಿಗದೆ ನಿಲ್ಲುತ್ತೀರಿ.

ಹಾಗಾದರೆ ಏನು ಮಾಡಬೇಕು? ಮೊದಲು ಟೈರಿನ ಗಾಳಿ. ಇದನ್ನು ಹೇಳಿದರೆ ಜನ ಇಷ್ಟೇನಾ ಅನ್ನುತ್ತಾರೆ. ನಿಮ್ಮ ಮುಂದಿನ ಟೈರು 275/35 ಆರ್19, ಹಿಂದಿನದು 285/30 ಆರ್20. ಅಂದರೆ ಅಗಲದ ಶೇಕಡಾ 35, 30ರ ಲೆಕ್ಕದಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ ಮುಂದೆ 96 ಮಿ.ಮೀ., ಹಿಂದೆ 86 ಮಿ.ಮೀ. ರಬ್ಬರು. 215/60 ಆರ್17 ಟೈರಿನ ಕ್ರೆಟಾದಲ್ಲಿ ಇದು 129. ಇಷ್ಟು ತೆಳ್ಳಗಿನ ಟೈರಿನಲ್ಲಿ ಗಾಳಿಯೂ ಸ್ಪ್ರಿಂಗೇ. ಅದು ಮೂರು ನಾಲ್ಕು ಪಿಎಸ್‌ಐ ಹೆಚ್ಚಾದರೂ ಸೊಂಟಕ್ಕೆ ಗೊತ್ತಾಗುತ್ತದೆ. ಹೈವೇ ಬದಿಯ ಪಂಕ್ಚರ್ ಅಂಗಡಿಯಲ್ಲಿ ಕೇಳದಿದ್ದರೂ 40 ತುಂಬಿ, ‘ಹೈವೇ ಅಲ್ವಾ ಸಾರ್, ಇರಲಿ’ ಎನ್ನುತ್ತಾರೆ. ಹೊಸಕೋಟೆಯಿಂದ ಓಡಿಸಿಕೊಂಡು ಬಂದ ಬಿಸಿ ಟೈರಿನಲ್ಲಿ ಅಳೆದ ಲೆಕ್ಕವೂ ಸುಳ್ಳು. ಐದಾರು ಡಿಗ್ರಿ ಶಾಖಕ್ಕೆ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಒಂದು ಗೇಜು ಕೊಂಡು ಬೆಳಗ್ಗೆ ಗಾಡಿ ತೆಗೆಯುವ ಮೊದಲು ನೀವೇ ನೋಡಿ. ಕಾರಿನ ಕೈಪಿಡಿಯಲ್ಲಿ ಗಂಟೆಗೆ 160 ಕಿ.ಮೀ. ಒಳಗಿನ ಓಟಕ್ಕೆ ಒಂದು ಒತ್ತಡ, ಅದರ ಮೇಲಿನ ವೇಗಕ್ಕೆ ಇನ್ನೊಂದು ಕೊಟ್ಟಿರುತ್ತಾರೆ. ನಮ್ಮ ರಾಜ್ಯದಲ್ಲಿ 130 ದಾಟಿದರೇ ಎಫ್‌ಐಆರ್ ಎಂದು 2024ರ ಆಗಸ್ಟಿನಿಂದ ಪೊಲೀಸರು ಹೇಳಿದ್ದಾರೆ. ನಿಮಗೆ ಮೊದಲ ಅಂಕಿ ಸಾಕು. ಅದಕ್ಕಿಂತ ಕೆಳಗೆ ಮಾತ್ರ ಇಳಿಸಬೇಡಿ, ಗುಂಡಿಯಲ್ಲಿ ರಿಮ್ಮು ಸೀಳುತ್ತದೆ.

ಎರಡನೆಯದು ಮೋಡ್. ಸ್ಪೋರ್ಟ್ ಪ್ಲಸ್‌ನಲ್ಲಿ ಡ್ಯಾಂಪರ್ ಇಟ್ಟು ಮುಳಬಾಗಿಲು ಕಡೆಯ ಹಳ್ಳಿ ರಸ್ತೆಯಲ್ಲಿ ಓಡಿಸುವವರನ್ನು ಕಂಡಿದ್ದೇನೆ. ಚಕ್ರ ರಸ್ತೆಯ ಏರಿಳಿತ ಹಿಡಿಯದೆ ಕುಪ್ಪಳಿಸುತ್ತದೆ, ಕುಪ್ಪಳಿಸುವ ಚಕ್ರಕ್ಕೆ ಬ್ರೇಕೂ ಇಲ್ಲ, ಹಿಡಿತವೂ ಇಲ್ಲ. ಒರಟು ರಸ್ತೆಯಲ್ಲಿ ಕಂಫರ್ಟ್ ಮೋಡೇ ವೇಗದ ಮೋಡು. ಸ್ಟೀರಿಂಗ್ ಮೇಲಿರುವ ಎಂ1, ಎಂ2 ಎಂಬ ಎರಡು ಕೆಂಪು ಗುಂಡಿಗಳಲ್ಲಿ ಒಂದಕ್ಕೆ ಇಂಜಿನ್ ಸ್ಪೋರ್ಟ್, ಡ್ಯಾಂಪರ್ ಕಂಫರ್ಟ್, ಸದ್ದು ಮೆತ್ತಗೆ ಎಂದು ಕೂಡಿಸಿಟ್ಟುಬಿಡಿ. ಊರೊಳಗೆ ಬರುವಾಗ ಬೆರಳಲ್ಲಿ ಒತ್ತಿದರೆ ಮುಗಿಯಿತು.

ಮೂರನೆಯದನ್ನು ಸೆಕೆಂಡ್ ಹ್ಯಾಂಡ್ ಗಾಡಿಯಾದ್ದರಿಂದ ಹೇಳುತ್ತಿದ್ದೇನೆ. ಗಡುಸು ಬೇರೆ, ಸಡಿಲ ಬೇರೆ. ನಡಿಗೆಯ ವೇಗದಲ್ಲಿ ಸಣ್ಣ ಉಬ್ಬು ದಾಟುವಾಗ ‘ಟಕ್’ ಅಥವಾ ‘ಕಟ್’ ಎಂದು ಲೋಹದ ಸದ್ದು ಬಂದರೆ ಅದು ಕಾರಿನ ಗುಣವಲ್ಲ, ಸವೆದ ಬುಷ್ (ತೋಳುಗಳ ಕೀಲಿನ ರಬ್ಬರು) ಅಥವಾ ಡ್ಯಾಂಪರಿನ ಮೇಲ್ತುದಿ ಹಿಡಿಯುವ ಸ್ಟ್ರಟ್ ಮೌಂಟಿನ ದೂರು. ಒಳ್ಳೆಯ ಗಡುಸು ಕಾರು ದಪ್ಪಗೆ, ಒಂದೇ ಪೆಟ್ಟಿಗೆ ‘ದಬ್’ ಎನ್ನುತ್ತದೆ, ಆಮೇಲೆ ಸುಮ್ಮನಾಗುತ್ತದೆ. ಡ್ಯಾಂಪರಿನ ಮೈಮೇಲೆ ಎಣ್ಣೆ ಜಿನುಗಿ ಧೂಳು ಮೆತ್ತಿದೆಯೇ, ರಿಮ್ಮಿನ ಒಳಅಂಚು ಚಪ್ಪಟೆಯಾಗಿದೆಯೇ, ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಊತ ಇದೆಯೇ ನೋಡಿಸಿ. ಊತ ಕಂಡರೆ ಒಳಗಿನ ದಾರ ತುಂಡಾಗಿದೆ ಎಂದೇ ಅರ್ಥ. ಆ ಟೈರು ಅವತ್ತೇ ಬದಲಿಸಬೇಕು. ಈ ಕಾರಿನಲ್ಲಿ ಸ್ಟೆಪ್ನಿ ಇಲ್ಲ ಎನ್ನುವುದು ನೆನಪಿರಲಿ. ಡಿಕ್ಕಿಯಲ್ಲಿರುವ ಅಂಟಿನ ಡಬ್ಬಿ ಮೊಳೆ ಚುಚ್ಚಿದ ತೂತಿಗೆ ಆಗುತ್ತದೆ, ಸೀಳಿದ ಪಕ್ಕೆಗೆ ಆಗುವುದಿಲ್ಲ. ಎಳೆಸಬೇಕಾಗಿ ಬಂದರೆ ಫ್ಲ್ಯಾಟ್‌ಬೆಡ್ ಲಾರಿಯೇ ಬರಲಿ. ಹಿಂದಿನ ಚಕ್ರ ನೆಲದಲ್ಲಿ ಉರುಳುವಂತೆ ಮುಂಭಾಗ ಎತ್ತಿ ಎಳೆಯಲು ಬಿಡಬೇಡಿ.

ಹಂಪಿನ ವಿಷಯಕ್ಕೆ ಬರೋಣ. ಇಲ್ಲಿ ನಿಮ್ಮ ಕಾರಿನ ತಪ್ಪು ನೀವಂದುಕೊಂಡಷ್ಟಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹಂಪ್ ಹೇಗಿರಬೇಕೆಂದು ಹೇಳಿದೆ: ಗಾಡಿ ಹೋಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ನಡುವಿನ ಎತ್ತರ 10 ಸೆಂ.ಮೀ., 17 ಮೀಟರ್ ತ್ರಿಜ್ಯದ ಕಮಾನು. ನಿಮ್ಮ ಕಾರಿನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2.75 ಮೀಟರ್. ಅಂದರೆ ಸರಿಯಾದ ಹಂಪಿನ ನೆತ್ತಿ ಹೊಟ್ಟೆಯಡಿ ಬಂದಾಗ ನಾಲ್ಕೂ ಚಕ್ರ ಹಂಪಿನ ಮೇಲೆಯೇ ಇರುತ್ತವೆ, ಚಕ್ರಗಳ ಮಟ್ಟಕ್ಕಿಂತ ನೆತ್ತಿ ಬರೀ ಐದೂವರೆ ಸೆಂಟಿಮೀಟರ್ ಮೇಲಿರುತ್ತದೆ. 12 ಸೆಂ.ಮೀ. ಜಾಗದಲ್ಲಿ ಅದು ಆರಾಮಾಗಿ ದಾಟುತ್ತದೆ. ಆದರೆ ಅಪಘಾತವಾದ ಮಾರನೇ ದಿನ ಊರವರೇ ಸುರಿಯುವ ಹಂಪು ಒಂದು ಮೀಟರ್ ಅಗಲ, ಹದಿನೈದು ಸೆಂ.ಮೀ. ಎತ್ತರ. ಚಕ್ರ ನಾಲ್ಕೂ ಕೆಳಗೆ, ಹದಿನೈದು ಸೆಂಟಿಮೀಟರ್ ಪೂರ್ತಿ ಹೊಟ್ಟೆಯಡಿ. ಎಷ್ಟು ನಿಧಾನ ಹೋದರೂ ಉಜ್ಜುತ್ತದೆ. ಇದಕ್ಕೆ ಒಂದೇ ಉಪಾಯ: ಓರೆಯಾಗಿ ಹತ್ತಿಸುವುದು. ಓರೆ ಹೋದಾಗ ಒಂದಲ್ಲ ಒಂದು ಚಕ್ರ ಹಂಪಿನ ಮೇಲಿದ್ದು ಮೈಯನ್ನು ಎತ್ತಿ ಹಿಡಿದಿರುತ್ತದೆ. ಅದಕ್ಕೆ ರಸ್ತೆಯ ಅಗಲ ಬೇಕು, ಹಿಂದೆ ಬೈಕಿನವನು ನುಗ್ಗುತ್ತಾನೆಯೇ ನೋಡಬೇಕು. ಅದೂ ಆಗದ ಹಂಪು ದಾರಿಯಲ್ಲಿದ್ದರೆ ದಾರಿ ಬದಲಿಸಿ. ಪಕ್ಕದಲ್ಲಿ ಕೂತವರನ್ನು ಇಳಿಸಿ ದಾಟಿಸುವವರೂ ಇದ್ದಾರೆ. ಒಂದು ಸಲ ತಮಾಷೆ, ದಿನಾ ಅಲ್ಲ.

ಕೋಲಾರದಲ್ಲಿ ಇಂಥ ಕಾರಿಟ್ಟವರಿಗೆ ಹಂಪಿಗಿಂತ ದೊಡ್ಡ ಭಯ ಒಂದಿದೆ, ನೀವದನ್ನು ಕೇಳಿಲ್ಲ. ಒಕ್ಕಣೆ. ಸುಗ್ಗಿಯ ತಿಂಗಳುಗಳಲ್ಲಿ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ರಸ್ತೆಗಳಲ್ಲಿ ರಾಗಿ ತೆನೆ, ಹುರುಳಿ ಗಿಡ ಹರಡಿರುತ್ತಾರೆ. ಕಣ ಮಾಡುವ ಜಾಗ ಕಡಿಮೆಯಾಯಿತು, ಕೂಲಿ ಸಿಗುವುದಿಲ್ಲ, ಓಡಾಡುವ ಗಾಡಿಯೇ ರೋಣಗಲ್ಲು. ಎತ್ತರದ ಜೀಪು, ಬಸ್ಸು ಅದರ ಮೇಲೆ ಹೋಗಿಬಿಡುತ್ತವೆ, ಆದರೂ ಹುರುಳಿ ಹೊಟ್ಟು ಸುತ್ತಿಕೊಂಡು ಕಾರುಗಳು ಹೊತ್ತಿ ಉರಿದ ಸುದ್ದಿ ಪತ್ರಿಕೆಯಲ್ಲಿ ಓದಿಯೇ ಇರುತ್ತೀರಿ. ನಿಮ್ಮ ಕಾರಿಗೆ ಅಪಾಯ ಇನ್ನೂ ಹೆಚ್ಚು. ತಳ ತಗ್ಗು, ಕೆಳಗೆ ಹಾಸಿದ ಪ್ಲಾಸ್ಟಿಕ್ ತಟ್ಟೆಗಳ ಸಂದಿಯಲ್ಲಿ ಹುಲ್ಲು ತೂರಿ ಕೂರುತ್ತದೆ, ಜೋರಾಗಿ ಓಡಿಸಿದ ಕಾರಿನ ಎಕ್ಸಾಸ್ಟ್ ಹಲವು ನೂರು ಡಿಗ್ರಿ ಕಾದಿರುತ್ತದೆ. ಹುರುಳಿ ಬಳ್ಳಿ ಡ್ರೈವ್ ಶಾಫ್ಟಿಗೆ ಸುತ್ತಿಕೊಂಡರೆ ಹಗ್ಗದ ಹಾಗೆ ಬಿಗಿಯುತ್ತದೆ.

ಮುಂದೆ ಕಂಡ ತಕ್ಷಣ ನಿಲ್ಲಿಸಿ. ಇಳಿದು ಕೇಳಿದರೆ ಒಂದು ಚಕ್ರದ ಹಾದಿಯಷ್ಟು ಸರಿಸಿ ಕೊಡುತ್ತಾರೆ, ಹಾರ್ನ್ ಹೊಡೆದರೆ ಕೊಡುವುದಿಲ್ಲ. ಬೇರೆ ದಾರಿಯೇ ಇಲ್ಲದೆ ದಾಟಿದಿರಾದರೆ ಹುಲ್ಲಿನ ಮೇಲೆ ಯಾವ ಕಾರಣಕ್ಕೂ ನಿಲ್ಲಬೇಡಿ. ಖಾಲಿ ಡಾಂಬರಿಗೆ ಬಂದ ಮೇಲೆ ನಿಲ್ಲಿಸಿ, ಇಂಜಿನ್ ಆರಿಸಿ, ಮೊಬೈಲಿನ ಟಾರ್ಚ್ ಬಿಟ್ಟು ಹಿಂದಿನ ಬಂಪರಿನ ಕೆಳಗೆ, ಸೈಲೆನ್ಸರಿನ ಮೇಲಿನ ಸಂದಿಯಲ್ಲಿ ಬಗ್ಗಿ ನೋಡಿ. ಡಿಕ್ಕಿಯಲ್ಲಿ ದಪ್ಪ ಕೈಗವಸು, ಒಂದು ಕೊಕ್ಕೆ ಕಂಬಿ, ಎರಡು ಕಿಲೋದ ಪುಡಿ ಅಗ್ನಿಶಾಮಕ ಇರಲಿ. ಸುಟ್ಟ ಹುಲ್ಲಿನ ವಾಸನೆ ಕ್ಯಾಬಿನ್ನಿಗೆ ಬಂದರೆ ಮೊದಲು ಜನ ಇಳಿಯಬೇಕು, ಹುಡುಕಾಟ ಆಮೇಲೆ.

ನರಸಾಪುರದ ಆಸುಪಾಸು ಜಲ್ಲಿ ಲಾರಿಗಳ ಹಿಂದೆ ಹೋಗುವಾಗ ದೂರ ಕಾಯ್ದುಕೊಳ್ಳಿ, ಮುಂಭಾಗಕ್ಕೆ ಪಿಪಿಎಫ್ (ಬಣ್ಣ ಕಾಯುವ ಪಾರದರ್ಶಕ ಹಾಳೆ) ಹಾಕಿಸಿ. ಅಷ್ಟು ಸಾಕು.

ಅಪ್ಪನ ಸೊಂಟ. ನೇರವಾಗಿ ಹೇಳುತ್ತೇನೆ: ಅವರನ್ನು ಈ ಕಾರಿನಲ್ಲಿ ಕೂರಿಸಬೇಡಿ. ಸಾಮಾನ್ಯ ಕಾರು ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುವ ಹಾಗೆ ಮಾಡಿರುತ್ತಾರೆ, ಸ್ಪೋರ್ಟ್ಸ್ ಕಾರು ಎರಡರ ಹತ್ತಿರ. ಕೂತ ಮನುಷ್ಯನ ಬೆನ್ನಿಗೆ ಹೆಚ್ಚು ತಟ್ಟುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲ ಮೇಲೆ ಕೆಳಗೆ ಆಗುವ ಅಲುಗಾಟ. ಗಡುಸು ಕಾರು ಆ ಅಲುಗಾಟವನ್ನು ಸೋಸದೆ ದಾಟಿಸುತ್ತದೆ. ಕಾಂಕ್ರೀಟ್ ರಸ್ತೆಯಲ್ಲಿ ಸಾಮಾನ್ಯವಾಗಿ ನಾಲ್ಕೂವರೆ ಮೀಟರಿಗೊಂದು ಸೇರಿಕೆ ಇರುತ್ತದೆ. 80 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿ, ಸೆಕೆಂಡಿಗೆ ಐದು ‘ಟಕ್’. ಸೊಂಟನೋವಿನವರಿಗೆ ಇದಕ್ಕಿಂತ ಕೆಟ್ಟ ತಾಳ ಸಿಗಲಾರದು. ಅದರ ಮೇಲೆ ಎರಡೇ ಬಾಗಿಲು, ಮೊಣಕಾಲಿಗಿಂತ ತಗ್ಗಾದ ಸೀಟು. ಏಳುವಾಗ ಸೊಂಟ ತಿರುಚಲೇಬೇಕು. ಕೋಲಾರಮ್ಮನ ಗುಡಿಗೋ ಆಸ್ಪತ್ರೆಗೋ ಅವರನ್ನು ಕರೆದೊಯ್ಯಲು ಮನೆಯಲ್ಲಿ ಒಂದು ಸಾದಾ ಕಾರು ಇರಲೇಬೇಕು. ಹಳೆಯದಾದರೂ ಪರವಾಗಿಲ್ಲ.

ಆ ಸಾದಾ ಕಾರೇ ನಿಮ್ಮ ಆಫೀಸಿಗೂ ಆಗಲಿ. ಇಲ್ಲವೇ ಬಂಗಾರಪೇಟೆಯಿಂದ ವೈಟ್‌ಫೀಲ್ಡಿಗೆ ಮೆಮು ರೈಲು ಹಿಡಿಯಿರಿ. ನೂಕುನುಗ್ಗಲು ಇದೆ, ಆದರೆ ಹೊಸಕೋಟೆಯ ಆಚೆ ಕ್ಲಚ್ಚೋ ಬ್ರೇಕೋ ಒತ್ತುತ್ತ ಆರು ಸಿಲಿಂಡರಿನ, 460 ಅಶ್ವಶಕ್ತಿಯ ಇಂಜಿನ್ನನ್ನು ಹತ್ತು ಕಿ.ಮೀ. ವೇಗದಲ್ಲಿ ತೆವಳಿಸುವ ಸಂಕಟ ಇಲ್ಲ. ನಿಮ್ಮ ಬೇಸರಕ್ಕೆ ಅರ್ಧ ಕಾರಣ ಈ ಕಾರನ್ನು ಅದರದ್ದಲ್ಲದ ಕೆಲಸಕ್ಕೆ ಹಚ್ಚಿದ್ದು ಎಂದೇ ನನ್ನ ಅನಿಸಿಕೆ. ಅದರ ಕೆಲಸಕ್ಕೆ ನೀವಿರುವ ಊರು ಬೆಂಗಳೂರಿಗಿಂತ ಒಳ್ಳೆಯದು. ಹೊಸಕೋಟೆಯಿಂದ ಬೇತಮಂಗಲದವರೆಗೆ ಚೆನ್ನೈ ಎಕ್ಸ್‌ಪ್ರೆಸ್‌ವೇಯ ಸುಮಾರು 71 ಕಿ.ಮೀ. 2024ರ ಕೊನೆಯಲ್ಲೇ ತೆರೆದಿದೆ, ನಿಮ್ಮ ಜಿಲ್ಲೆಯ ಮೈಮೇಲೇ ಹಾದು ಹೋಗುತ್ತದೆ. ಅಲ್ಲಿ ವೇಗಮಿತಿಯೊಳಗೆ, ಆರನೇ ಗೇರಿನಲ್ಲಿ ಹೋದರೆ ಇದೇ ಕಾರು ಮಾತಾಡುತ್ತ ಹೋಗುವಷ್ಟು ಸುಮ್ಮನಿರುತ್ತದೆ. ಇನ್ನು ಅದರ ನಿಜವಾದ ಗಂಟಲು ಕೇಳಬೇಕೆಂದರೆ ಮುಳಬಾಗಿಲು, ಚಿತ್ತೂರು ದಾಟಿ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟ್ಟುಕೋಟೈಗೆ ಹೋಗಿ. 1990ರಿಂದ ಇರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್ ಎಂಬ ರೇಸ್ ಟ್ರ್ಯಾಕ್ ಅಲ್ಲಿದೆ, ಒಂದು ಸುತ್ತು 3.7 ಕಿ.ಮೀ. ಟ್ರ್ಯಾಕ್ ಡೇ (ಸ್ವಂತ ಕಾರು ಓಡಿಸಲು ಬಿಡುವ ದಿನ) ಯಾವಾಗ ಎಂದು ವಿಚಾರಿಸಿ ಹೋಗಿ. ಬೆಂಗಳೂರಿನವರು ನಿಮ್ಮ ಊರು ದಾಟಿಯೋ ಹೊಸೂರು ಸುತ್ತಿಯೋ ಬರಬೇಕು, ನಿಮಗೆ ನಸುಕಿನಲ್ಲಿ ಹೊರಟರೆ ಬೆಳಗಿನ ಹೊತ್ತಿಗೇ ತಲುಪುವ ದಾರಿ. ಹೋಗುವ ಮುಂಚೆ ಬ್ರೇಕ್ ಆಯಿಲ್ ಹೊಸದು ಹಾಕಿಸಿ, ಪ್ಯಾಡ್ ದಪ್ಪ ನೋಡಿಸಿ. ಸಾಮಾನ್ಯ ಮೋಟಾರು ವಿಮೆಯಲ್ಲಿ ರೇಸು, ವೇಗದ ಪರೀಕ್ಷೆಗಳಲ್ಲಿ ಆದ ನಷ್ಟಕ್ಕೆ ಪರಿಹಾರವಿಲ್ಲ. ಟ್ರ್ಯಾಕಿನಲ್ಲಿ ಗೋಡೆಗೆ ಹೊಡೆದರೆ ಖರ್ಚು ನಿಮ್ಮದೇ.

ಇಷ್ಟೆಲ್ಲ ಮಾಡಿ ಒಂದು ಮಳೆಗಾಲ, ಒಂದು ಸುಗ್ಗಿ ಕಳೆಯಲಿ. ಆಮೇಲೂ ಮಾರುವ ಮನಸ್ಸಾದರೆ ಮಾರಿ, ಅದರಲ್ಲಿ ಸೋಲೇನಿಲ್ಲ. ಅವತ್ತು ಕಂಪನಿಯ ಸೈಲೆನ್ಸರ್, ಕಂಪನಿಯ ಡ್ಯಾಂಪರ್ ಗಾಡಿಯಲ್ಲೇ ಇದ್ದರೆ ಬೆಲೆ ಮಾತಾಡುವಾಗ ನಿಮ್ಮ ಕೈ ಮೇಲಿರುತ್ತದೆ. ಈ ಥರದ ಕಾರು ಕೊಳ್ಳಲು ಬರುವವರು ಮೊದಲು ಬಗ್ಗಿ ನೋಡುವುದೇ ಆ ಎರಡನ್ನು. ಹಿಂದಿನವರ ಆ ಜೋರು ಪೈಪನ್ನು ಮಾತ್ರ ಹೊಸಬರಿಗೆ ಜೊತೆಯಲ್ಲಿ ಕಟ್ಟಿ ಕೊಡಬೇಡಿ, ಗುಜರಿಗೆ ಹಾಕಿ.